ಮನೆಯಲ್ಲೇ ಹಲ್ಲು ಬೆಳ್ಳಗಾಗಿಸುವುದು: ಯಾವ ಕಲೆಗೆ ಯಾವ ದಾರಿ

ಹಲ್ಲು ಹಳದಿಯಾಗಿದೆ ಅನ್ನಿಸಿದ ಕೂಡಲೇ ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಹುಡುಕುವವರೇ ಹೆಚ್ಚು. ಅದಕ್ಕೂ ಮೊದಲು ಕನ್ನಡಿ ಮುಂದೆ ನಿಂತು ನೋಡಬೇಕಾದ್ದು ಒಂದಿದೆ: ಆ ಬಣ್ಣ ಹಲ್ಲಿನ ಮೇಲೆ ಕೂತಿದೆಯೋ, ಒಳಗಿನಿಂದ ಕಾಣುತ್ತಿದೆಯೋ? ಮೇಲೆ ಕೂತಿದ್ದರೆ ಅದನ್ನು ತೆಗೆಯಬೇಕು. ಒಳಗಿನದಾದರೆ ಬಣ್ಣವನ್ನೇ ಬದಲಿಸಬೇಕು. ಎರಡಕ್ಕೂ ದಾರಿ ಬೇರೆ ಬೇರೆ. ಮೇಲಿನ ಪಾಚಿಗೆ ದುಬಾರಿ ಜೆಲ್ ಹಚ್ಚಿದರೆ ದುಡ್ಡು ದಂಡ. ಒಳಗಿನ ಬಣ್ಣ ಹೋಗಲಿ ಎಂದು ಉಜ್ಜುತ್ತಾ ಕೂತರೆ ಹಲ್ಲೇ ಸವೆಯುತ್ತದೆ.

ಹಲ್ಲಿನ ಹೊರಪದರ ಎನಾಮೆಲ್. ಅದರ ನೂರಕ್ಕೆ 96 ಪಾಲು ಖನಿಜ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇಲ್ಲ, ಆದರೆ ಒಮ್ಮೆ ಸವೆದರೆ ಮತ್ತೆ ಬೆಳೆಯುವುದೂ ಇಲ್ಲ. ಅದರ ಕೆಳಗಿರುವ ಡೆಂಟಿನ್ ಹುಟ್ಟಾ ಹಳದಿ. ಎನಾಮೆಲ್ ಮಸುಕು ಗಾಜಿನ ಹಾಗೆ, ಹಿಂದಿರುವ ಹಳದಿಯನ್ನು ಅಷ್ಟಿಷ್ಟು ತೋರಿಸುತ್ತಲೇ ಇರುತ್ತದೆ. ಹಾಗಾಗಿ ಆರೋಗ್ಯವಾದ ಹಲ್ಲು ಹಾಲಿನಂತೆ ಬೆಳ್ಳಗಿರುವುದಿಲ್ಲ, ಅದರಲ್ಲೂ ಕೋರೆಹಲ್ಲು ಪಕ್ಕದ ಹಲ್ಲಿಗಿಂತ ತುಸು ಹೆಚ್ಚೇ ಹಳದಿ. ಅದು ಕೊಳೆಯಲ್ಲ. ವಯಸ್ಸಾದಂತೆ ಎನಾಮೆಲ್ ತೆಳುವಾಗಿ ಒಳಗಿನ ಡೆಂಟಿನ್ ದಪ್ಪವಾಗುವುದರಿಂದ ಹಳದಿ ಹೆಚ್ಚುತ್ತದೆ. ಹುಳಿ ಹಚ್ಚಿ, ಒರಟಾಗಿ ಉಜ್ಜಿ ಎನಾಮೆಲ್ ತೆಗೆದರೂ ಆಗುವುದು ಇದೇ: ನಾಲ್ಕು ದಿನ ಬೆಳ್ಳಗೆ ಕಂಡ ಹಲ್ಲು ಕೆಲವೇ ವರ್ಷಗಳಲ್ಲಿ ಮೊದಲಿಗಿಂತ ಹಳದಿಯಾಗುತ್ತದೆ, ಜೊತೆಗೆ ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ.

ಮೊದಲು ಕಲೆ ಯಾವುದು ಎಂದು ಗುರುತಿಸಿ

ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ ನಿಂತು ನೋಡಿ. ಟ್ಯೂಬ್‌ಲೈಟ್, ಬಲ್ಬಿನ ಬೆಳಕನ್ನು ನಂಬಬೇಡಿ. ತುಟಿಯನ್ನು ಬೆರಳಿನಿಂದ ಎತ್ತಿ ಹಲ್ಲು ಮತ್ತು ಒಸಡು ಸೇರುವ ಗೆರೆ ನೋಡಿ, ಆಮೇಲೆ ಕೆಳಗಿನ ಮುಂಹಲ್ಲಿನ ಒಳಬದಿ ನೋಡಿ.

ಬಣ್ಣ ಒಸಡಿನ ಅಂಚಿನಲ್ಲಿ, ಹಲ್ಲುಗಳ ಸಂದಿಯಲ್ಲಿ ಹೆಚ್ಚು, ನಡುವೆ ಕಡಿಮೆ ಇದ್ದರೆ ಅದು ಮೇಲಿನ ಕಲೆ. ಕಾಫಿ, ಟೀ, ಬೀಡಿ ಸಿಗರೇಟು, ಎಲೆಅಡಿಕೆಯ ಕಲೆಗಳೆಲ್ಲ ಹೀಗೇ ಕೂರುತ್ತವೆ. ಉಗುರಿನಿಂದ ಕೆರೆದರೆ ಮೆತ್ತಗೆ ಬರುವುದು ಪಾಚಿ. ಎಷ್ಟು ಕೆರೆದರೂ ಬಾರದೆ ಸುಣ್ಣ ಕಟ್ಟಿದಂತೆ ಒರಟಾಗಿದ್ದರೆ ಅದು ಗಟ್ಟಿಯಾದ ಪಾಚಿ, ಡಾಕ್ಟರು ಟಾರ್ಟರ್ ಎನ್ನುವುದು ಇದನ್ನೇ.

ಎಲ್ಲ ಹಲ್ಲೂ ಒಂದೇ ಸಮನೆ ಹಳದಿಯಾಗಿದ್ದು, ಮೈ ನುಣುಪಾಗಿದ್ದರೆ ಅದು ಒಳಗಿನ ಬಣ್ಣ. ಬಿಳಿ ಮಚ್ಚೆ, ಸುಣ್ಣದಂಥ ಪಟ್ಟಿ, ಕಂದು ಕಲೆ ಎಡಬಲದ ಹಲ್ಲುಗಳಲ್ಲಿ ಜೋಡಿಯಾಗಿ ಕಂಡರೆ ಫ್ಲೋರೋಸಿಸ್, ಅಂದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬಿದ್ದ ಕಲೆ, ಇರಬಹುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ, ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಇದು ಗೊತ್ತಿರುವ ಕಲೆ. ಬೂದು ಅಥವಾ ನೀಲಿ ಮಿಶ್ರಿತ ಅಡ್ಡಪಟ್ಟಿ ಇದ್ದರೆ ಚಿಕ್ಕಂದಿನಲ್ಲಿ ಕೊಟ್ಟ ಟೆಟ್ರಾಸೈಕ್ಲಿನ್ ಮಾತ್ರೆಯದ್ದಾಗಿರಬಹುದು. ಒಂದೇ ಹಲ್ಲು ಕಪ್ಪಿಟ್ಟಿದ್ದರೆ, ಅದರಲ್ಲೂ ಹಿಂದೆ ಯಾವಾಗಲೋ ಬಿದ್ದು ಪೆಟ್ಟಾಗಿದ್ದ ಹಲ್ಲಾಗಿದ್ದರೆ, ಒಳಗಿನ ನರ ಸತ್ತಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮನೆಯಲ್ಲಿ ಏನೂ ಮಾಡಬೇಡಿ. ನೋವಿಲ್ಲದಿದ್ದರೂ ಎಕ್ಸ್‌ರೇ ತೆಗೆಸಿ, ಬೇರಿನ ತುದಿಯಲ್ಲಿ ಕೀವು ಸದ್ದಿಲ್ಲದೆ ಕಟ್ಟಿರಬಹುದು.

ಇನ್ನೆರಡು ಕಲೆಗಳಿಗೆ ಸುಮ್ಮನೆ ಹೆದರುವವರಿದ್ದಾರೆ. ಮಕ್ಕಳಿಗೆ ಕಬ್ಬಿಣದಂಶದ ಸಿರಪ್ ಕೊಟ್ಟಾಗ ಹಲ್ಲು ಕಪ್ಪಾಗುತ್ತದೆ, ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಎರಡು ವಾರ ಮೀರಿ ಬಳಸಿದರೆ ಹಲ್ಲು, ನಾಲಿಗೆ ಎರಡೂ ಕಂದಾಗುತ್ತವೆ. ಎರಡೂ ಮೇಲಿನ ಕಲೆಗಳೇ, ಕ್ಲೀನಿಂಗ್ ಮಾಡಿಸಿದರೆ ಹೋಗುತ್ತವೆ. ಮೌತ್‌ವಾಶ್ ಡಾಕ್ಟರು ಬರೆದದ್ದಾದರೆ ಹೇಳಿದಷ್ಟೇ ದಿನ ಬಳಸಿ.

ಗಟ್ಟಿ ಪಾಚಿ ಮನೆಯಲ್ಲಿ ಹೋಗುವುದಿಲ್ಲ

ಯಾವ ಪೇಸ್ಟೂ, ಯಾವ ಪುಡಿಯೂ ಟಾರ್ಟರನ್ನು ತೆಗೆಯುವುದಿಲ್ಲ. ಪಿನ್ನು, ಬ್ಲೇಡು, ಆನ್‌ಲೈನಿನಲ್ಲಿ ಸಿಗುವ ಕೊಕ್ಕೆಗಳಿಂದ ಕೆರೆದುಕೊಂಡರೆ ಒಸಡು ಹರಿಯುತ್ತದೆ, ಬೇರಿನ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಮುಂದಿನ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ದಂತವೈದ್ಯರ ಬಳಿ ಸ್ಕೇಲಿಂಗ್ ಮಾಡಿಸಿ. ಜನ ಹಲ್ಲು ಕ್ಲೀನಿಂಗ್ ಎನ್ನುವುದು ಇದಕ್ಕೇ. ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಆಗುವುದು ಬೇರೆ. ಪಾಚಿ ಇಷ್ಟು ವರ್ಷ ಒಸಡನ್ನು ಕೆಳಗೆ ತಳ್ಳಿ, ಆ ಜಾಗದಲ್ಲಿ ತಾನೇ ಕೂತಿತ್ತು. ಅದನ್ನು ತೆಗೆದಾಗ ಸಂದಿ ಕಣ್ಣಿಗೆ ಬೀಳುತ್ತದೆ. ಮುಚ್ಚಿಹೋಗಿದ್ದ ಬೇರಿನ ಭಾಗಕ್ಕೆ ಗಾಳಿ, ನೀರು ತಾಗುವುದರಿಂದ ಕೆಲವು ದಿನ ಜುಮ್ಮೆನ್ನುತ್ತದೆ. ಹಲ್ಲು ಸಡಿಲವಾಗಿದ್ದರೆ ಅದಕ್ಕೆ ಕಾರಣ ಪಾಚಿ, ಕ್ಲೀನಿಂಗ್ ಅಲ್ಲ.

ಎಷ್ಟೋ ಮಂದಿಗೆ ಇಷ್ಟು ಮಾಡಿಸಿದ ಮೇಲೆ ಬೇರೇನೂ ಬೇಕಾಗುವುದಿಲ್ಲ. ಬ್ಲೀಚಿಂಗ್‌ಗೆ, ಅಂದರೆ ಜೆಲ್ ಹಚ್ಚಿ ಹಲ್ಲಿನ ಬಣ್ಣ ಬದಲಿಸುವುದಕ್ಕೆ, ದುಡ್ಡು ಕೂಡಿಡುವ ಮುನ್ನ ಒಮ್ಮೆ ಸ್ಕೇಲಿಂಗ್, ಪಾಲಿಶ್ ಮಾಡಿಸಿ ಎರಡು ವಾರ ಬಿಟ್ಟು ನೋಡಿ.

ಎಲೆಅಡಿಕೆ, ಗುಟ್ಕಾ ಹಾಕುವವರು ಬಣ್ಣಕ್ಕಿಂತ ಮೊದಲು ಬಾಯೊಳಗನ್ನು ತೋರಿಸಬೇಕು. ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ಉರಿ, ಬಾಯಿ ಮೂರು ಬೆರಳಗಲ ತೆರೆಯಲು ಆಗದಿರುವುದು, ಇವುಗಳಲ್ಲಿ ಒಂದಿದ್ದರೂ ಬಿಳುಪಿನ ವಿಚಾರ ಪಕ್ಕಕ್ಕಿಡಿ, ಈ ವಾರವೇ ಡಾಕ್ಟರ ಹತ್ತಿರ ಹೋಗಿ.

ದಿನದ ಉಜ್ಜುವಿಕೆ

ಮೃದುವಾದ ಎಳೆಯ ಬ್ರಷ್ ತೆಗೆದುಕೊಳ್ಳಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಬ್ರಷ್ಷನ್ನು ಒಸಡಿನ ಗೆರೆಯ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಒಂದು ಸಲಕ್ಕೆ ಎರಡು ಮೂರು ಹಲ್ಲಿನಂತೆ ಸಣ್ಣದಾಗಿ ಅಲುಗಿಸುತ್ತಾ ಸಾಗಿ. ಒಟ್ಟು ಎರಡು ನಿಮಿಷ, ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಮೂರು ತಿಂಗಳೊಳಗೆ ಬ್ರಷ್ಷಿನ ಎಳೆಗಳು ಅತ್ತಿತ್ತ ಬಾಗಿದ್ದರೆ ನೀವು ಜೋರಾಗಿ ಉಜ್ಜುತ್ತಿದ್ದೀರಿ ಎಂದರ್ಥ. ಕೋರೆಹಲ್ಲಿನ ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಕಚ್ಚು ಬೀಳುವುದು ಹೀಗೇ, ಮತ್ತು ಆ ಕಚ್ಚಿನಲ್ಲಿ ಕಾಣುವ ಹಳದಿ ಬೇರಿನದ್ದು. ಅದನ್ನು ಯಾವ ಜೆಲ್ಲೂ ಚೆನ್ನಾಗಿ ಬಿಳಿ ಮಾಡಲಾರದು.

ಹುಳಿ ತಿಂದ ಕೂಡಲೇ ಉಜ್ಜಬೇಡಿ. ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಖನಿಜ ಕಳೆದುಕೊಂಡು ಮೆತ್ತಗಾಗುತ್ತದೆ. ಹುಣಸೆಹಣ್ಣು, ನಿಂಬೆ ಪಾನಕ, ಕೂಲ್‌ಡ್ರಿಂಕ್ ಆದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಬ್ರಷ್ ಹಿಡಿಯಿರಿ. ಕಾಫಿ, ಟೀ ಕುಡಿದ ಮೇಲೂ ಒಂದು ಗುಟುಕು ನೀರು ಮುಕ್ಕಳಿಸುವುದು ಒಳ್ಳೆಯದು. ದಿನಕ್ಕೆ ಎರಡು ಲೋಟ ಕುಡಿಯುವುದಕ್ಕಿಂತ ಒಂದೇ ಲೋಟವನ್ನು ಫ್ಲಾಸ್ಕಿನಿಂದ ಬಗ್ಗಿಸಿಕೊಂಡು ಗಂಟೆಗಟ್ಟಲೆ ಗುಟುಕರಿಸುವುದು ಹಲ್ಲಿಗೆ ಹೆಚ್ಚು ಬಣ್ಣ ಹಿಡಿಸುತ್ತದೆ.

ಬಿಳುಪಿನ ಪೇಸ್ಟ್ ಎಂದು ಮಾರುವವುಗಳಲ್ಲಿ ಎರಡು ಬಗೆ. ಕೆಲವು ಸ್ವಲ್ಪ ಹೆಚ್ಚು ತರಿಯ ಪುಡಿಯಿಂದ ಮೇಲಿನ ಕಲೆ ಉಜ್ಜಿ ತೆಗೆಯುತ್ತವೆ. ಇನ್ನು ಕೆಲವು ಬ್ಲೂ ಕೊವಾರಿನ್ ಎಂಬ ನೀಲಿ ಬಣ್ಣವನ್ನು ತೆಳ್ಳಗೆ ಅಂಟಿಸಿ, ಹಳದಿ ಕಡಿಮೆ ಕಾಣುವಂತೆ ಮಾಡುತ್ತವೆ. ಮದುವೆ ದಿನ ಬೆಳಿಗ್ಗೆಗೆ ಇದು ಆದೀತು, ಸಂಜೆಯೊಳಗೆ ಹೋಗುತ್ತದೆ. ಹಲ್ಲಿನ ಒಳಬಣ್ಣ ಈ ಎರಡರಿಂದಲೂ ಬದಲಾಗುವುದಿಲ್ಲ.

ಅಡುಗೆ ಸೋಡಾ: ಬಳಸಬಹುದು, ಲೆಕ್ಕ ತಪ್ಪಬಾರದು

ಅಡುಗೆಮನೆಯ ಪದಾರ್ಥಗಳಲ್ಲಿ ನಾವು ಒಪ್ಪುವುದು ಇದೊಂದನ್ನೇ. ಅಡುಗೆ ಸೋಡಾದ ಕಣ ಹಲ್ಲಿಗಿಂತ ಬಹಳ ಮೆತ್ತಗೆ, ನೀರಲ್ಲಿ ಬೇಗ ಕರಗುತ್ತದೆ, ಹುಳಿಯನ್ನೂ ತಗ್ಗಿಸುತ್ತದೆ. ವಾರಕ್ಕೆ ಎರಡು ಸಲ, ಕಾಲು ಚಮಚ ಸೋಡಾವನ್ನು ಅಂಗೈಗೆ ಹಾಕಿಕೊಂಡು, ನಾಲ್ಕು ಹನಿ ನೀರಲ್ಲಿ ಕಲಸಿ, ಒದ್ದೆ ಬ್ರಷ್ಷಿಗೆ ಅಂಟಿಸಿಕೊಂಡು ಒಂದು ನಿಮಿಷ ಹಗುರಾಗಿ ಉಜ್ಜಿ. ಉಗುಳಿ, ಬಾಯಿ ಮುಕ್ಕಳಿಸಿ, ಆಮೇಲೆ ಎಂದಿನ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ. ಸೋಡಾದಲ್ಲಿ ಫ್ಲೋರೈಡ್ ಇಲ್ಲ, ಹುಳುಕನ್ನು ತಡೆಯುವ ಶಕ್ತಿ ಅದಕ್ಕಿಲ್ಲ, ಹಾಗಾಗಿ ಪೇಸ್ಟಿನ ಬದಲಿಗೆ ಅದನ್ನೇ ಬಳಸಬಾರದು. ಬಿ.ಪಿ. ಇರುವವರು ನುಂಗದಂತೆ ನೋಡಿಕೊಳ್ಳಿ, ಅದರಲ್ಲಿರುವುದು ಸೋಡಿಯಂ.

ಡಬ್ಬಿ ಸರಿಯಾದದ್ದೇ ಎಂದು ನೋಡಿಕೊಳ್ಳಿ. ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಹುಳಿ ಪದಾರ್ಥವೂ ಪಿಷ್ಟವೂ ಸೇರಿರುತ್ತದೆ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬಾಯಿಗೆ ತಾಗಿದರೆ ಸುಡುತ್ತದೆ.

ಸೋಡಾಕ್ಕೆ ನಿಂಬೆ ಹಿಂಡುವ ವಿಡಿಯೋಗಳು ಬೇಕಾದಷ್ಟಿವೆ. ಉಕ್ಕುವ ನೊರೆ ನೋಡಿ ಏನೋ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಅದು ಬರೀ ಇಂಗಾಲದ ಡೈಆಕ್ಸೈಡ್. ನಿಂಬೆ ಸ್ವಲ್ಪ ಹೆಚ್ಚಾದರೆ ಉಳಿಯುವುದು ಪಿಎಚ್ ಎರಡರ ಆಸುಪಾಸಿನ ರಸ. ಹುಳಿ ತಿಂದು ಹಲ್ಲು ಚಳಿತುಹೋಗುವ ಅನುಭವ ಎಲ್ಲರಿಗೂ ಇದೆ, ಅದೇ ಹುಳಿಯನ್ನು ಹಚ್ಚಿ ಬ್ರಷ್‌ನಿಂದ ತಿಕ್ಕುವುದೆಂದರೆ ಎನಾಮೆಲನ್ನು ಮೆತ್ತಗೆ ಮಾಡಿ ಕೆರೆದು ತೆಗೆದಂತೆಯೇ. ಸ್ಟ್ರಾಬೆರಿ, ವಿನಿಗರ್, ಕಿತ್ತಳೆ ಸಿಪ್ಪೆಗೂ ಇದೇ ಮಾತು.

ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಕಲ್ಲುಪ್ಪು ಬೇಡ. ಹೊಸ ಡಬ್ಬಿಯಲ್ಲಿ ಬರುವ ಆಕ್ಟಿವೇಟೆಡ್ ಚಾರ್ಕೋಲ್ ಕೂಡ ಮೇಲಿನ ಕಲೆಯನ್ನು ತಿಕ್ಕಿ ತೆಗೆಯುವುದೇ ಹೊರತು ಹಲ್ಲಿನೊಳಗಿನ ಬಣ್ಣ ಹೀರುವುದಿಲ್ಲ, ಮತ್ತು ಅದರ ಕಪ್ಪು ಕಣಗಳು ಫಿಲ್ಲಿಂಗಿನ ಅಂಚಿನಲ್ಲಿ, ಒಸಡಿನ ಸಂದಿಯಲ್ಲಿ ಸೇರಿಕೊಂಡು ಗೆರೆ ಮೂಡಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಈಗಲೂ ಕೆಲವರು ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುತ್ತಾರೆ. ದಂತಮಂಜನ, ಪೇಸ್ಟುಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮಿಶ್ರಿ ಹಲ್ಲನ್ನು ಕಪ್ಪು ಮಾಡುವುದಲ್ಲದೆ ಚಟವನ್ನೂ ಅಂಟಿಸುತ್ತದೆ. ಇನ್ನು ಎಣ್ಣೆ ಮುಕ್ಕಳಿಸುವುದು ಬಾಯಿಗೆ ಹಿತ, ಪಾಚಿ ಒಂದಿಷ್ಟು ಕಡಿಮೆಯಾದೀತು, ಹಲ್ಲು ಬೆಳ್ಳಗಾಗುವುದಿಲ್ಲ.

ಒಳಗಿನ ಬಣ್ಣಕ್ಕೆ: ಅಚ್ಚಿನ ಟ್ರೇ ಮತ್ತು ಜೆಲ್

ಹಲ್ಲಿನೊಳಗಿನ ಬಣ್ಣವನ್ನು ನಿಜವಾಗಿ ಬದಲಿಸುವುದು ಪೆರಾಕ್ಸೈಡ್. ಅದು ಎನಾಮೆಲ್ ದಾಟಿ ಡೆಂಟಿನ್‌ಗೆ ಇಳಿದು, ಬಣ್ಣದ ಅಣುಗಳನ್ನು ಒಡೆಯುತ್ತದೆ. ಮನೆಯಲ್ಲಿ ಮಾಡಲು ನಾವು ಹೇಳುವುದು 10 ಪರ್ಸೆಂಟಿನ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್, ಹಲ್ಲಿನ ಸಾಲಿಗೆ ಹೊಂದುವ ತೆಳು ಅಚ್ಚಿಗೆ, ಅಂದರೆ ಟ್ರೇಗೆ, ಹಾಕಿ ರಾತ್ರಿ ಹಲ್ಲಿಗೆ ಕೂರಿಸಿಕೊಳ್ಳುವಂಥದ್ದು. ಬಾಯಲ್ಲಿ ಅದು ಒಡೆದಾಗ ಸಿಗುವುದು ಸುಮಾರು 3.5 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ಯೂರಿಯಾ. 1989ರಲ್ಲಿ ಅಮೆರಿಕದ ದಂತವೈದ್ಯರಾದ ಹೇವುಡ್ ಮತ್ತು ಹೈಮನ್ ಈ ರಾತ್ರಿ ಟ್ರೇ ಪದ್ಧತಿಯನ್ನು ಪ್ರಕಟಿಸಿದರು, ಅಂದಿನಿಂದ ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಗಾದ ಮನೆ ವಿಧಾನ ಇದೇ. 16, 22 ಪರ್ಸೆಂಟಿನವೂ ಸಿಗುತ್ತವೆ. ಅವು ಬೇಗ ಬಿಳಿ ಮಾಡುತ್ತವೆ, ಜುಮ್ಮೆನ್ನುವುದೂ ಹೆಚ್ಚು. ಕೊನೆಗೆ ತಲುಪುವ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ಹದಿನೆಂಟು ತುಂಬದವರು, ಬಸುರಿಯರು, ಹಾಲೂಡಿಸುವ ತಾಯಂದಿರು ಇದನ್ನು ಮಾಡಬಾರದು. ಹುಳುಕು ಹಲ್ಲು, ಒಡೆದ ಫಿಲ್ಲಿಂಗ್, ರಕ್ತ ಬರುವ ಒಸಡು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಹುಳುಕಿನ ತೂತಿನಿಂದ ಪೆರಾಕ್ಸೈಡ್ ನೇರ ನರಕ್ಕೆ ತಾಗಿದರೆ ರಾತ್ರಿಯಿಡೀ ನಿದ್ದೆಯಿಲ್ಲ. ಕ್ಯಾಪ್, ವೆನೀರ್ (ಹಲ್ಲಿನ ಮುಂಬದಿಗೆ ಅಂಟಿಸಿದ ತೆಳು ಹೊದಿಕೆ), ಹಲ್ಲಿನ ಬಣ್ಣದ ಫಿಲ್ಲಿಂಗ್ ಬಿಳಿಯಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕ್ಯಾಪ್ ಇದ್ದು ಉಳಿದವು ಬಿಳಿಯಾದರೆ ಆ ಒಂದೇ ಎದ್ದು ಕಾಣುತ್ತದೆ. ಅದನ್ನು ಬದಲಿಸುವ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ.

ಟ್ರೇ ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿಸಿದ್ದೇ ಆಗಬೇಕು. ಬಿಸಿನೀರಲ್ಲಿ ಅದ್ದಿ ಕಚ್ಚಿ ಮಾಡಿಕೊಳ್ಳುವ ಟ್ರೇಗಳು ದಪ್ಪ, ಸಡಿಲ. ಜೆಲ್ ಅದರಿಂದ ಸೋರಿ ಒಸಡಿನ ಮೇಲೆ ಹೋಗುತ್ತದೆ, ಜೊಲ್ಲು ಒಳನುಗ್ಗಿ ಜೆಲ್ಲನ್ನು ಕೆಡಿಸುತ್ತದೆ.

1. ಶುರು ಮಾಡುವ ದಿನ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ. ಮುಂದೆ ಅದೇ ಜಾಗ, ಅದೇ ಹೊತ್ತಿನಲ್ಲಿ ವಾರಕ್ಕೊಂದು ತೆಗೆಯಿರಿ. ದಿನವೂ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ದಿನ ಹಚ್ಚುತ್ತಾರೆ.

2. ಮೇಲಿನ ಸಾಲಿಗೆ ಮಾತ್ರ ಮೊದಲು ಮಾಡಿ. ಕೆಳಗಿನ ಸಾಲು ಹೋಲಿಸಲು ಉಳಿಯುತ್ತದೆ, ಜುಮ್ಮೆಂದರೂ ಅರ್ಧ ಬಾಯಿಗಷ್ಟೇ.

3. ರಾತ್ರಿ ಊಟವಾದ ಮೇಲೆ ಉಜ್ಜಿ, ಸಂದಿಗಳಿಗೆ ದಾರ ಹಾಕಿ ಸ್ವಚ್ಛ ಮಾಡಿಕೊಳ್ಳಿ.

4. ಟ್ರೇ ಒಣಗಿರಲಿ. ಮುಂದಿನ ಆರರಿಂದ ಎಂಟು ಹಲ್ಲುಗಳ ಗುಳಿಗೆ, ತುಟಿಯ ಬದಿಯ ಗೋಡೆಗೆ, ಒಂದೊಂದಕ್ಕೂ ಒಂದು ಅಕ್ಕಿಕಾಳಿನಷ್ಟು ಜೆಲ್ ಇಡಿ. ಒಂದು ಸಾಲಿಗೆ ಒಟ್ಟು ಅರ್ಧ ಎಂ.ಎಲ್. ಮೀರಬಾರದು. ಟ್ರೇ ತುಂಬಿಸಿದರೆ ಹಲ್ಲು ಹೆಚ್ಚು ಬಿಳಿಯಾಗುವುದಿಲ್ಲ, ಒಸಡು ಸುಡುತ್ತದೆ.

5. ಟ್ರೇ ಕೂರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ. ಅಂಚಿನಿಂದ ಉಕ್ಕಿದ ಜೆಲ್ಲನ್ನು ಹತ್ತಿಯಿಂದ ಒರೆಸಿ ತೆಗೆಯಿರಿ. ಈ ಒರೆಸುವ ಕೆಲಸ ಬಿಟ್ಟವರಿಗೇ ಒಸಡು ಬೆಳ್ಳಗೆ ಸುಟ್ಟಂತಾಗುವುದು. ಹಾಗಾದರೆ ನೀರಲ್ಲಿ ಚೆನ್ನಾಗಿ ಮುಕ್ಕಳಿಸಿ, ವಾಸಿಯಾಗುವ ತನಕ ನಿಲ್ಲಿಸಿ.

6. ಮೊದಲ ಎರಡು ದಿನ ಎರಡು ಗಂಟೆಯಷ್ಟೇ ಇಡಿ. ತೊಂದರೆ ಇಲ್ಲದಿದ್ದರೆ ರಾತ್ರಿಯಿಡೀ ಇಡಬಹುದು. ಜೆಲ್ಲಿನ ಅರ್ಧ ಶಕ್ತಿ ಮೊದಲ ಎರಡು ಗಂಟೆಯಲ್ಲೇ ಮುಗಿಯುತ್ತದೆ, ಹಾಗಾಗಿ ರಾತ್ರಿ ಟ್ರೇ ಸಹಿಸಲಾಗದವರು ಸಂಜೆ ಎರಡು ಗಂಟೆ ಹಾಕಿಕೊಂಡರೂ ನಡೆಯುತ್ತದೆ, ದಿನಗಳು ಹೆಚ್ಚು ಬೇಕಾಗುತ್ತವೆ ಅಷ್ಟೇ. 16 ಅಥವಾ 22 ಪರ್ಸೆಂಟ್ ಕೊಟ್ಟಿದ್ದರೆ ರಾತ್ರಿಯಿಡೀ ಬೇಡ, ಡಾಕ್ಟರು ಹೇಳಿದ ಹೊತ್ತನ್ನು ಮೀರಬೇಡಿ.

7. ತೆಗೆದ ಮೇಲೆ ಮುಕ್ಕಳಿಸಿ, ಹಗುರಾಗಿ ಉಜ್ಜಿ. ಟ್ರೇಯನ್ನು ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಲ್ಲಿ ಅದು ಸೊಟ್ಟಗಾಗುತ್ತದೆ. ಜೆಲ್ಲಿನ ಸಿರಿಂಜ್ ಫ್ರಿಜ್ಜಿನಲ್ಲಿರಲಿ.

ಕ್ಲೀನಿಂಗ್ ಆದ ಮೇಲೂ ಒಳಗೆ ಉಳಿದ ಕಾಫಿ ಬಣ್ಣ, ವಯಸ್ಸಿನ ಹಳದಿಗೆ ಸಾಮಾನ್ಯವಾಗಿ ಎರಡು ವಾರ ಸಾಕು. ಬೀಡಿ ಸಿಗರೇಟಿನ ಬಣ್ಣಕ್ಕೆ ಒಂದೆರಡು ತಿಂಗಳು ಹಿಡಿಯಬಹುದು, ಜೆಲ್ ಹಚ್ಚುವ ದಿನಗಳಲ್ಲಿ ತಂಬಾಕು ಪೂರ್ತಿ ಬಿಡಬೇಕು. ಟೆಟ್ರಾಸೈಕ್ಲಿನ್ ಕಲೆಗೆ ತಿಂಗಳುಗಟ್ಟಲೆ ಬೇಕು, ಅದು ಡಾಕ್ಟರ ಕಣ್ಗಾವಲಿನಲ್ಲೇ ಆಗಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅಳತೆ ನಿಮ್ಮ ಮುಖದಲ್ಲೇ ಇದೆ: ಕಣ್ಣಿನ ಬಿಳಿಭಾಗಕ್ಕಿಂತ ಹಲ್ಲು ಬೆಳ್ಳಗಾದರೆ ನೋಡಿದವರಿಗೆ ಕೃತಕ ಅನ್ನಿಸುತ್ತದೆ.

ಜುಮ್ಮೆಂದರೆ, ಮಚ್ಚೆ ಎದ್ದು ಕಂಡರೆ

ಜುಮ್ಮೆನ್ನುವುದು ಬಹಳ ಮಂದಿಗೆ ಆಗುತ್ತದೆ. ಮೊದಲ ವಾರದಲ್ಲಿ ಹೆಚ್ಚು, ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹೋಗುತ್ತದೆ. ದಿನ ಬಿಟ್ಟು ದಿನ ಹಾಕಿ. 5 ಪರ್ಸೆಂಟ್ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಶುರು ಮಾಡುವ ಎರಡು ವಾರ ಮೊದಲೇ ಬಳಸಲು ತೊಡಗಿ. ಸಾಲದಿದ್ದರೆ ಅದೇ ಪೇಸ್ಟನ್ನು ಟ್ರೇಗೆ ತೆಳ್ಳಗೆ ಹಾಕಿ ಹತ್ತರಿಂದ ಮೂವತ್ತು ನಿಮಿಷ ಇಟ್ಟು, ತೊಳೆದು, ಆಮೇಲೆ ಜೆಲ್ ಹಾಕಿ. ಒಂದೇ ಹಲ್ಲು ತಡೆತಡೆದು ಮಿಡಿಯುವಂತೆ ನೋಯುತ್ತಿದ್ದರೆ ಅದು ಜುಮ್ಮೆನ್ನುವುದಲ್ಲ, ನಿಲ್ಲಿಸಿ ತೋರಿಸಿ.

ಫ್ಲೋರೋಸಿಸ್ ಇರುವವರು ಮೊದಲ ವಾರ ಗಾಬರಿಯಾಗುವುದುಂಟು. ಬಿಳಿ ಮಚ್ಚೆಗಳು ಇನ್ನೂ ಬಿಳಿಯಾಗಿ ಎದ್ದು ಕಾಣುತ್ತವೆ. ಸುತ್ತಲಿನ ಹಲ್ಲು ಬೆಳ್ಳಗಾಗುತ್ತಾ ಬಂದಂತೆ ಅಂತರ ತಗ್ಗುತ್ತದೆ. ಕಂದು ಕಲೆ ಟ್ರೇ ಜೆಲ್ಲಿಗೆ ಒಂದಿಷ್ಟು ಬಗ್ಗುತ್ತದೆ, ಗಾಢವಾದದ್ದಕ್ಕೆ ಕ್ಲಿನಿಕ್ಕಿನಲ್ಲಿ ಮೈಕ್ರೋಅಬ್ರೇಷನ್, ಅಂದರೆ ಎನಾಮೆಲಿನ ಮೇಲ್ಪದರವನ್ನು ತೀರಾ ತೆಳ್ಳಗೆ ತಿಕ್ಕಿ ತೆಗೆಯುವುದು, ಬೇಕು. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಅವರ ಹಲ್ಲು ಉಳಿಸುವುದು ಇದಕ್ಕಿಂತ ತುರ್ತು: ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಆರ್‌ಓ ಯಂತ್ರ ಅದನ್ನು ತೆಗೆಯುತ್ತದೆ.

ಅಂಗಡಿಯ ಸ್ಟ್ರಿಪ್, ಪೆನ್, ನೀಲಿ ದೀಪ

ಪೆರಾಕ್ಸೈಡ್ ಇರುವ ಪಟ್ಟಿಗಳು ಕೆಲಸ ಮಾಡುತ್ತವೆ, ನೇರ ಸಾಲಿನ ಹಲ್ಲಿದ್ದರೆ. ಹಲ್ಲು ಓರೆಕೋರೆಯಾಗಿದ್ದರೆ ಪಟ್ಟಿ ತಾಗಿದ ಕಡೆ ಬಿಳಿ, ತಾಗದ ಕಡೆ ಹಳದಿ. ನೀಲಿ ಎಲ್‌ಇಡಿ ದೀಪದಿಂದ ಸಿಗುವ ಹೆಚ್ಚುವರಿ ಲಾಭ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆಂದೇ ದುಡ್ಡು ಕೊಡಬೇಡಿ. ಪೊಟ್ಟಣದ ಮೇಲೆ ಪೆರಾಕ್ಸೈಡ್ ಎಷ್ಟು ಪರ್ಸೆಂಟ್, ಯಾವಾಗ ತಯಾರಾದದ್ದು ಎಂದು ಬರೆದಿರದಿದ್ದರೆ ಬಾಯಿಗೆ ಇಡಬೇಡಿ. ಬಿಸಿಲಲ್ಲಿ ಬಿದ್ದ ಪಾರ್ಸೆಲ್‌ನ ಜೆಲ್ ಶಕ್ತಿ ಕಳೆದುಕೊಂಡಿರುತ್ತದೆ. ಸಿಟ್ರಿಕ್ ಆಸಿಡ್ ಅಥವಾ ಕ್ಲೋರಿನ್ ಡೈಆಕ್ಸೈಡ್ ಎಂದು ಬರೆದಿದ್ದರೆ ಬಿಟ್ಟುಬಿಡಿ. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ನೀರಿನಂತೆ ತೆಳ್ಳಗಿರುತ್ತದೆ. ಅದು ಹಲ್ಲಿಗೆ ಅಂಟಿ ನಿಲ್ಲದೆ ಒಸಡಿಗೂ ಗಂಟಲಿಗೂ ಹರಿಯುತ್ತದೆ, ಅದನ್ನು ಹಲ್ಲಿಗೆ ಹಚ್ಚಬೇಡಿ.

ಮುಗಿದ ಮೇಲೆ

ಜೆಲ್ ನಿಲ್ಲಿಸಿದ ಒಂದೆರಡು ವಾರದಲ್ಲಿ ಬಣ್ಣ ಸ್ವಲ್ಪ ಇಳಿಯುತ್ತದೆ. ಜೆಲ್ ಹಚ್ಚಿದಾಗ ಹಲ್ಲು ನೀರಿನಂಶ ಕಳೆದುಕೊಂಡು ಇದ್ದದ್ದಕ್ಕಿಂತ ಬೆಳ್ಳಗೆ ಕಂಡಿರುತ್ತದೆ, ಅದು ಮರಳಿ ಬಂದಾಗ ನಿಜವಾದ ಬಣ್ಣ ಕಾಣುತ್ತದೆ. ಆಮೇಲೆ ಒಂದರಿಂದ ಮೂರು ವರ್ಷ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಕಾಫಿ ತಂಬಾಕು ಹೆಚ್ಚಿದ್ದರೆ ಬೇಗ ಇಳಿಯುತ್ತದೆ. ಟ್ರೇ ಬಿಸಾಡಬೇಡಿ. ಮತ್ತೆ ಹಳದಿ ಅನ್ನಿಸಿದಾಗ ಎರಡು ಮೂರು ರಾತ್ರಿ ಅದೇ ಟ್ರೇಯಲ್ಲಿ ಹಾಕಿಕೊಂಡರೆ ಸಾಕಾಗುತ್ತದೆ. ಹಳೇ ಫಿಲ್ಲಿಂಗನ್ನು ಹೊಸ ಬಣ್ಣಕ್ಕೆ ಹೊಂದಿಸಿ ಬದಲಿಸಬೇಕಿದ್ದರೆ ಜೆಲ್ ನಿಲ್ಲಿಸಿ ಎರಡು ವಾರ ಕಳೆದ ಮೇಲೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಅದಕ್ಕೂ ಮೊದಲಾದರೆ ಬಣ್ಣ ಇನ್ನೂ ನಿಂತಿರುವುದಿಲ್ಲ, ಹಲ್ಲಿನೊಳಗೆ ಉಳಿದ ಆಮ್ಲಜನಕದಿಂದಾಗಿ ಫಿಲ್ಲಿಂಗೂ ಗಟ್ಟಿಯಾಗಿ ಅಂಟುವುದಿಲ್ಲ.